ಅತ್ತೆ ಕಲ್ಲು, ಚಿಕ್ಕಪ್ಪ ಕಲ್ಲು

ಅಂಗಡಿಯಿಂದ,
ಫೆಬ್ರವರಿ ೧೨

ಕಲ್ಲುಕಳ್ಳಿ ನಾದಿನಿಗೆ,

ನಿನಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ನೀನು ಎತ್ತುವುದಿಲ್ಲ. ಎತ್ತಿದರೂ ನಾನು ‘ಹಲೋ’ ಅನ್ನುವಷ್ಟರಲ್ಲಿ ಅಲೆಯ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಕಟ್ ಮಾಡುತ್ತೀಯ. ಆದ್ದರಿಂದ ಈ ಪತ್ರ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದುತ್ತೀಯೆಂಬ ನಂಬಿಕೆ ನನಗಿದೆ. ಕುತೂಹಲ ನಿಮ್ಮ ಮನೆತನದ ಕಾಯಿಲೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಅಕ್ಕ, ಅಂದರೆ ನನ್ನ ಹೆಂಡತಿ, ತೀರಿಕೊಂಡ ವಾರ ನೀನು ಬಂದೆ. ಬಂದೆ, ಅತ್ತೆ, ಡಬ್ಬಿಯಲ್ಲಿದ್ದ ಬಿಸ್ಕತ್ತು ಖಾಲಿ ಮಾಡಿದೆ, ಮತ್ತೆ ಅತ್ತೆ, ಗಿರಾಕಿಯೊಬ್ಬರ ಕೋಟಿನ ಅಸ್ತರಿಗೆಂದು ತಂದಿದ್ದ ರೇಷ್ಮೆಯಲ್ಲಿ ಮೂಗು ಒರೆಸಿಕೊಂಡೆ, ಹಡಗು ಹೊರಡುವ ಹೊತ್ತಾಯಿತೆಂದು ಹೋದೆ. ಇಷ್ಟಕ್ಕೆ ನನ್ನ ತಕರಾರಿಲ್ಲ. ದುಃಖದಲ್ಲಿ ಮನುಷ್ಯರು ಏನು ಬೇಕಾದರೂ ತಿನ್ನುತ್ತಾರೆ. ಆದರೆ ನೀನು ಹೋದ ಮೇಲೆ ಕಟಿಂಗ್ ಮೇಜಿನ ಮೇಲೆ ನೋಡುತ್ತೇನೆ, ಕಲ್ಲುಗಳಿಲ್ಲ. ಒಂದೂ ಇಲ್ಲ. ಅವುಗಳ ಜೊತೆಗೆ ನನ್ನ ಉಣ್ಣೆಯ ಕಾಲುಚೀಲವೊಂದೂ ಇಲ್ಲ. ಯಾವುದರೊಳಗೆ ಯಾವುದನ್ನು ತುಂಬಿಕೊಂಡು ಹೋಗಿದ್ದೀಯೆಂದು ತಿಳಿಯಲು ಪತ್ತೇದಾರ ಬೇಕಾಗಿಲ್ಲ. ಒಂದೇ ಕಾಲುಚೀಲ ಕದಿಯುವ ಕಳ್ಳರು ನಮ್ಮ ಬೀದಿಯಲ್ಲಿಲ್ಲ.

ಹಡಗಿನ ಲಾಂಡ್ರಿಯಲ್ಲಿ ಇಸ್ತ್ರಿ ಉಜ್ಜುವ ನಿನ್ನ ಮಟ್ಟಿಗೆ ಬಟ್ಟೆಯೆಂದರೆ ಯಾರೋ ಹೊಲಿದು ಮುಗಿಸಿದ ಮೇಲೆ ಹುಟ್ಟುವ ವಸ್ತು. ಅದಕ್ಕೇ ಬಿಡಿಸಿ ಹೇಳುತ್ತೇನೆ. ಈ ಅಂಗಡಿಯಲ್ಲಿ ಕತ್ತರಿಸುವವಳು ಅವಳು, ಹೊಲಿಯುವವನು ನಾನು. ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಅಳತೆಯ ಕಾಗದವಿಟ್ಟು, ಕಾಗದ ಜರುಗದಂತೆ ಆ ಚಪ್ಪಟೆ ಕಲ್ಲುಗಳನ್ನು ಹೇರಿ, ಸುತ್ತ ಗುರುತು ಹಾಕಿ ಕತ್ತರಿಸುತ್ತಿದ್ದಳು. ಬೇರೆ ದರ್ಜಿಗಳು ಕಬ್ಬಿಣದ ತುಂಡು ಇಡುತ್ತಾರೆ. ‘ಕಬ್ಬಿಣ ತುಕ್ಕಿನ ಕಲೆ ಬಿಡುತ್ತೆ, ಕಲ್ಲಿಗೆ ಆ ಬುದ್ಧಿ ಇಲ್ಲ’ ಅನ್ನುತ್ತಿದ್ದಳು. ಹೀಗಾಗಿ ಅವು ನೆನಪಿನ ಕಾಣಿಕೆಗಳಲ್ಲ, ಈ ಅಂಗಡಿಯ ಸಲಕರಣೆಗಳು. ಬ್ಯಾಂಡ್ ಮೇಷ್ಟರು ತಮ್ಮ ತಂಡಕ್ಕೆಲ್ಲ ಹೊಸ ಕೋಟು ಹೊಲಿಯಲು ಹೇಳಿದ್ದಾರೆ. ಕತ್ತರಿಸುವ ಕೆಲಸವೂ ಈಗ ನನ್ನ ತಲೆಗೇ ಬಂದಿದೆ. ಕಲ್ಲುಗಳನ್ನು ಕೂಡಲೇ ಕಳಿಸು. ಕಾಲುಚೀಲವನ್ನು ಒಗೆದು ಕಳಿಸು, ಅದು ನಿನ್ನ ಕಸುಬೇ ತಾನೆ.

ಒಂದು ಕಾಲು ಮಾತ್ರ ಬೆಚ್ಚಗಿರುವ,
ನಿನ್ನ ಭಾವ


ಹಡಗಿನ ಲಾಂಡ್ರಿಯಿಂದ,
ಮಾರ್ಚ್ ೩

ಪರಮಪೂಜ್ಯ ಭಾವನವರಿಗೆ,

ಕದ್ದೆ ಅನ್ನಬೇಡಿ, ತೆಗೆದುಕೊಂಡೆ ಅನ್ನಿ. ಆ ಕಲ್ಲುಗಳನ್ನು ಆರಿಸಿದ್ದು ಅಕ್ಕ ಮತ್ತು ನಾನು, ನಮ್ಮ ಶಾಲೆಯ ಹಿಂದಿನ ಹಳ್ಳದಲ್ಲಿ, ಶೂ ಕೈಯಲ್ಲಿ ಹಿಡಿದುಕೊಂಡು. ಆಗ ನೀವು ಅವಳ ಬದುಕಿನಲ್ಲಿ ಇರಲೇ ಇಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಕೂತು, ಮೂಗು ಸುರಿಸುತ್ತಾ, ಗುಂಡಿ ಹಚ್ಚಲು ಕಲಿಯುತ್ತಿದ್ದಿರಿ. ಮದುವೆಯಾದ ಮೇಲೆ ಅವಳು ತಂದದ್ದೆಲ್ಲ ನಿಮ್ಮ ಅಂಗಡಿಯ ಸಲಕರಣೆಯಾಯಿತು, ಅವಳೂ ಸೇರಿದಂತೆ.

ನಾನು ಹಡಗಿನ ಕೆಲಸಕ್ಕೆ ಸೇರಿದಾಗ ಅಕ್ಕ, ‘ನೀನು ನೋಡಿದ್ದನ್ನೆಲ್ಲ ನನಗೂ ತೋರಿಸ್ತೀಯಾ?’ ಅಂತ ಕೇಳಿದ್ದಳು. ‘ರಜಾ ತಗೊಂಡು ಬಾ, ತೋರಿಸ್ತೀನಿ’ ಅಂದಿದ್ದೆ. ರಜಾ ಸಿಗಲಿಲ್ಲ. ಯಾರು ಕೊಡಲಿಲ್ಲ ಅಂತ ನಾನು ಬರೆಯುವುದಿಲ್ಲ, ಓದುತ್ತಿರುವವರಿಗೆ ಗೊತ್ತು. ಈಗ ರಜಾ ಸಿಕ್ಕಿದೆ. ಆದ್ದರಿಂದ ಹಡಗು ನಿಲ್ಲುವ ಒಂದೊಂದು ಬಂದರಿನಲ್ಲಿ ಒಂದೊಂದು ಕಲ್ಲು ಇಡುತ್ತಾ ಹೋಗುತ್ತೇನೆ. ನಮ್ಮ ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವ ಶಾಯಿ ಇದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅದರಿಂದ ತಳದಲ್ಲಿ ‘ಅಕ್ಕ’ ಎಂದು ಬರೆಯುತ್ತೇನೆ. ಭೂಮಿ ತುಂಬ ಅವಳು ಇರುತ್ತಾಳೆ. ನಿಮ್ಮ ಮೇಜಿಗಿಂತ ಅದು ಸ್ವಲ್ಪ ದೊಡ್ಡದು.

ಮೊದಲನೆಯದನ್ನು ಇಟ್ಟಾಯಿತು. ಎಲ್ಲಕ್ಕಿಂತ ದೊಡ್ಡದು, ಕಪ್ಪಗಿರುವುದು. ಇಲ್ಲಿ ಮೂಗು ಉದುರಿಹೋಗುವಷ್ಟು ಚಳಿ. ದಕ್ಕೆಯ ಎದುರಿನ ಕ್ಯಾಂಟೀನಿನಲ್ಲಿ, ಹಡಗುಗಳು ಕಾಣುವ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಇಟ್ಟು, ಕಣ್ಣೊರೆಸಿಕೊಂಡು, ಬೀದಿಯ ತಿರುವಿನವರೆಗೂ ಬಂದಿದ್ದೆ. ಹಿಂದಿನಿಂದ ಟೀ ಕೊಡುವವಳು ಏಪ್ರನ್ ಹಾರಿಸಿಕೊಂಡು ಓಡಿಬಂದಳು.

‘ರೀ, ನಿಮ್ಮ ಕಲ್ಲು ಮರೆತು ಹೋಗ್ತಿದ್ದೀರಿ.’

‘ಮರೆತಿಲ್ಲ, ಬಿಟ್ಟಿದ್ದೀನಿ.’

‘ಯಾಕೆ, ಭಾರ ಆಯ್ತಾ?’

‘ಅದು ನನ್ನ ಅಕ್ಕ.’

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ‘ಹೋಲಿಕೆ ಇದೆ ಬಿಡಿ’ ಅಂದಳು. ‘ಇರಲಿ, ಕಿಟಕೀಲೇ ಇಡ್ತೀನಿ. ಟೀನೂ ಕುಡೀದೆ ಬಿಟ್ಟು ಬಂದಿದ್ದೀರಲ್ಲ, ಅದೂ ಅವರಿಗೇನಾ?’

ಕಾಲುಚೀಲ ಕಳಿಸುವುದಿಲ್ಲ. ಚೆನ್ನಾಗಿದೆ.

ನಿಮ್ಮ ಆಶೀರ್ವಾದ ಬೇಡದ,
ನಾದಿನಿ


ಅಂಗಡಿಯಿಂದ,
ಮಾರ್ಚ್ ೨೪

ವಿಶ್ವಸಂಚಾರಿ ನಾದಿನಿಗೆ,

ನಿನ್ನ ಪತ್ರ ಓದಿ ನಗು ಬಂತು. ನಗು ಬಂತಲ್ಲ ಎಂದು ಸಿಟ್ಟು ಬಂತು.

ನಿನ್ನ ಅಕ್ಕನ ಬಗ್ಗೆ ನಿನಗೆ ಏನಾದರೂ ಗೊತ್ತೇ? ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಗದಿದ್ದರೆ ಇಳಿದು ನಡೆದೇ ಬರುತ್ತಿದ್ದ ಹೆಂಗಸು ಅವಳು. ಲಿಫ್ಟಿನಲ್ಲಿ ಮೇಲಿನ ಮಹಡಿಗೆ ಹೋಗುವಾಗಲೂ ನಿಂಬೆಹಣ್ಣು ಮೂಸುತ್ತಿದ್ದಳು. ಮೀನು ಇಟ್ಟ ಗಾಜಿನ ತೊಟ್ಟಿಯ ಮುಂದೆ ನಿಂತರೆ ಅವಳಿಗೆ ತಲೆ ಸುತ್ತುತ್ತಿತ್ತು. ಅಂಥವಳನ್ನು ನೀನು ಹಡಗು ಹತ್ತಿಸಿದ್ದೀಯ. ಬದುಕಿದ್ದಾಗ ಮಾಡಿದ್ದರೆ ನಿನ್ನ ಇಸ್ತ್ರಿ ಮಾಡಿದ ಬಟ್ಟೆಗಳ ಗತಿ ಏನಾಗುತ್ತಿತ್ತೆಂದು ಯೋಚಿಸು.

ಇನ್ನು ಆ ಕಲ್ಲುಗಳು. ನಿನ್ನ ಪಾಲಿಗೆ ಅವೆಲ್ಲ ‘ಅಕ್ಕ’. ಅವಳ ಪಾಲಿಗೆ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ನಯವಾಗಿ, ದುಂಡಗೆ, ನಂಬಿ ಇಟ್ಟರೆ ಜಾರಿಕೊಳ್ಳುವುದು ಚಿಕ್ಕಪ್ಪ. ಅಗಲವಾಗಿ, ಸುತ್ತಲಿನ ಜಾಗವನ್ನೆಲ್ಲ ತಾನೇ ಆಕ್ರಮಿಸುವುದು ದೊಡ್ಡಮ್ಮ. ಅಂಚಿನಲ್ಲಿ ಕೂತು ಏನೂ ಮಾಡದೆ ಮೇಜಿನ ಶೋಭೆ ಹೆಚ್ಚಿಸುವುದು ಅಳಿಯ. ಎಲ್ಲಕ್ಕಿಂತ ದೊಡ್ಡದು, ಕಪ್ಪಗಿರುವುದು, ಒಮ್ಮೆ ಕೂತರೆ ಯಾರು ಹೇಳಿದರೂ ಅಲ್ಲಾಡದೆ ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವುದು ಅತ್ತೆ. ಯಾರ ಅತ್ತೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು, ನಮ್ಮ ತಾಯಿ ಆಗ ಒಳಗಿನ ಕೋಣೆಯಲ್ಲೇ ಇರುತ್ತಿದ್ದರು.

ಆ ಅತ್ತೆಯ ಹೊಟ್ಟೆಯ ಮೇಲೆ ನೀನು ‘ಅಕ್ಕ’ ಎಂದು ಬರೆದು ಕ್ಯಾಂಟೀನಿನಲ್ಲಿ ಕೂರಿಸಿ ಬಂದಿದ್ದೀಯ. ನಿನ್ನ ಅಕ್ಕನನ್ನು ಗೌರವಿಸಲು ಹೊರಟು ನನ್ನ ಅಮ್ಮನಿಗೆ ಸ್ಮಾರಕ ಕಟ್ಟಿದ್ದೀಯ. ಎಷ್ಟು ಕುದಿಸಿದರೂ ಹೋಗದ ಶಾಯಿಯಲ್ಲಿ. ಇದಕ್ಕೆ ಕೃತಜ್ಞತೆ ಹೇಳಬೇಕೋ ಪೊಲೀಸಿಗೆ ಹೇಳಬೇಕೋ ತಿಳಿಯದಾಗಿದೆ.

ಇಲ್ಲಿ ನಡೆದದ್ದನ್ನೂ ಕೇಳು. ಒಂದು ತೋಳು ಕತ್ತರಿಸಿದ ಮೇಲೆ ಇನ್ನೊಂದಕ್ಕೆ ಅಳತೆಯ ಕಾಗದವನ್ನು ಮಗುಚಿ ಹಾಕಬೇಕು. ಮಗುಚಿ ಹಾಕಿದೆ. ಚಾಕ್ ತರಲು ತಿರುಗಿದೆ. ಮೇಲೆ ಭಾರವಿಲ್ಲದ ಕಾಗದ ಫ್ಯಾನಿನ ಗಾಳಿಗೆ ತಾನೇ ಎದ್ದು, ಇನ್ನೊಮ್ಮೆ ಮಗುಚಿಕೊಂಡು, ಏನೂ ಆಗದವರಂತೆ ಮಲಗಿತ್ತು. ನಾನು ನಂಬಿ ಕತ್ತರಿಸಿದೆ. ಹೊಲಿದೆ. ಮೇಷ್ಟರು ಬಂದರು.

‘ಏನ್ರೀ ಇದು, ಎರಡೂ ಎಡಗೈ ತೋಳೇ ಬಂದಿದೆ.’

‘ಒಂದು ಸಲ ಹಾಕಿ ನೋಡಿ.’

‘ಹಾಕ್ಕೊಂಡೇ ಹೇಳ್ತಿರೋದು. ಬಲಗೈ ಹಿಂದಕ್ಕೆ ಹೋಗುತ್ತೆ. ನಮ್ಮ ಡ್ರಮ್ ಹುಡುಗ ಬೆನ್ನಿನ ಹಿಂದೆ ಬಾರಿಸ್ಬೇಕಾ?’

‘ಈಗ ಹೀಗೇ ಫ್ಯಾಷನ್ ಬಂದಿದೆ.’

‘ನಿಮ್ಮ ಮನೆಯವರು ಇದ್ದಾಗ ಬಂದಿರಲಿಲ್ಲ’ ಅಂದರು ಮೇಷ್ಟರು. ಇನ್ನೊಂದು ಕೋಟು ಹೀಗಾದರೆ ಬಟ್ಟೆಯ ಥಾನನ್ನೇ ಎತ್ತಿಕೊಂಡು ಎದುರಿನ ಅಂಗಡಿಗೆ ಹೋಗುವುದಾಗಿ ಹೇಳಿಹೋದರು. ಅವಳು ಕತ್ತರಿಸಿದ ಬಟ್ಟೆ ಒಮ್ಮೆಯೂ ಈ ಬಾಗಿಲಿಂದ ವಾಪಸು ಹೋಗಿರಲಿಲ್ಲ. ಉಳಿದ ಕಲ್ಲುಗಳನ್ನಾದರೂ ಕಳಿಸು.

ಎರಡು ಎಡಗೈಗಳ,
ನಿನ್ನ ಭಾವ


ಹಡಗಿನ ಲಾಂಡ್ರಿಯಿಂದ,
ಏಪ್ರಿಲ್ ೧೮

ದರ್ಜಿ ಶಿರೋಮಣಿಗೆ,

ಫ್ಯಾನ್ ಆರಿಸಬಹುದಿತ್ತು.

ನಿಮ್ಮ ಸಂಬಂಧಿಕರ ಕ್ಷೇಮ ಸಮಾಚಾರ ತಿಳಿಸುತ್ತೇನೆ. ದೊಡ್ಡಮ್ಮ ಒಂದು ಸೇತುವೆಯ ಕಟ್ಟೆಯ ಮೇಲೆ ಕೂತಿದ್ದಾಳೆ, ದಾಟುವವರೆಲ್ಲ ಒಂದು ಹೆಜ್ಜೆ ಸರಿದು ಹೋಗಬೇಕು. ಅಳಿಯನನ್ನು ಸಮುದ್ರತೀರದ ಹೋಟೆಲಿನ ತೋಟದಲ್ಲಿ ಬಿಟ್ಟೆ, ಅಲ್ಲಿ ಎಲ್ಲರೂ ಏನೂ ಮಾಡದೆ ಕೂತಿರುತ್ತಾರೆ, ಹೊಂದಿಕೊಂಡಾನು. ಚಿಕ್ಕಪ್ಪನದು ಮಾತ್ರ ಸ್ವಲ್ಪ ರಗಳೆಯಾಯಿತು. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಳೆಯ ಕಾಲದ ಕೆತ್ತನೆ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ದೊಡ್ಡವರ ಸಹವಾಸವಾಗಲಿ ಎಂದು ಸಾಲಿನ ಕೊನೆಗೆ ಇಟ್ಟು ಏಳುತ್ತಿದ್ದೆ, ಕಾವಲುಗಾರ ಬಂದು ನಿಂತ.

‘ಏನು ಮಾಡ್ತಿದ್ದೀರಿ?’

‘ಕಲ್ಲು ಇಡ್ತಿದ್ದೀನಿ.’

ಅವನು ತಲೆ ಕೆರೆದುಕೊಂಡ. ‘ನೋಡಿ ಅಮ್ಮ, ಇಲ್ಲಿಂದ ಕಲ್ಲು ತಗೊಂಡು ಹೋಗೋರನ್ನ ಹಿಡಿಯೋದು ನನ್ನ ಕೆಲಸ. ತಂದಿಡೋರಿಗೆ ಏನು ಮಾಡ್ಬೇಕು ಅಂತ ನಮಗೆ ಹೇಳ್ಕೊಟ್ಟಿಲ್ಲ.’ ಸ್ವಲ್ಪ ಹೊತ್ತು ಯೋಚಿಸಿ, ‘ನಾನು ಆ ಕಡೆ ತಿರುಗ್ತೀನಿ’ ಅಂದ. ತಿರುಗಿದ. ಒಳ್ಳೆಯ ಮನುಷ್ಯ. ಅಂಥವನು ನಮ್ಮ ಮನೆಯ ಅಳಿಯನಾಗಿ ಬರಲಿಲ್ಲ.

ಒಂದು ಪ್ರಶ್ನೆ. ಎಲ್ಲರಿಗೂ ಕಲ್ಲು ಇತ್ತು, ನಿಮಗೆ ಯಾವುದು? ನೀವು ಹೇಳಲಿಲ್ಲ. ಬಹುಶಃ ಅವಳು ನಿಮ್ಮ ಹೆಸರನ್ನು ಕಲ್ಲಿಗೂ ಇಡಲಿಲ್ಲ.

ಬಸ್ಸಿನ ಕಥೆಯನ್ನು ಚೆನ್ನಾಗಿ ಹೇಳಿದಿರಿ. ಹಾಗಾದರೆ ಅಂಗಡಿಯ ಗೋಡೆಗೆ ಭೂಪಟ ಹಾಕಿ, ನನ್ನ ಪತ್ರ ಬಂದ ಬಂದರಿಗೆಲ್ಲ ಗುಂಡುಸೂಜಿ ಚುಚ್ಚುತ್ತಿದ್ದವಳು ಯಾರು? ಎಲ್ಲಿಗೂ ಹೋಗಲು ಇಷ್ಟವಿಲ್ಲದವಳು ಅದೇಕೆ ಚುಚ್ಚುತ್ತಿದ್ದಳು? ಅವಳಿಗೆ ಲೋಕ ನೋಡುವ ಆಸೆಯಿತ್ತು. ನೀವು ಅವಳನ್ನು ಕಾಗದದ ಮೇಲೆ ಕಲ್ಲು ಹೇರಿದ ಹಾಗೆ ಆ ಮೇಜಿಗೆ ಅದುಮಿ ಹಿಡಿದಿರಿ. ಈಗ ಅವೇ ಕಲ್ಲುಗಳು ಹೋದವೆಂದು ಅಳುತ್ತಿದ್ದೀರಿ.

ಫ್ಯಾನಿಲ್ಲದೆ ಬೇಯುತ್ತಿರುವ,
ನಾದಿನಿ


ಅಂಗಡಿಯಿಂದ,
ಮೇ ೬

ನಾದಿನಿಗೆ,

ಭೂಪಟವನ್ನು ತೆಗೆದೆ. ಗುಂಡುಸೂಜಿಗಳು ಕೆಲಸಕ್ಕೆ ಬೇಕಿದ್ದವು.

ಅವಳು ಸೂಜಿ ಚುಚ್ಚುತ್ತಿದ್ದದ್ದು ಹೋಗುವ ಆಸೆಯಿಂದಲ್ಲ, ನೀನು ಎಲ್ಲಿದ್ದೀಯೆಂದು ತಿಳಿಯಲು. ನಿನ್ನ ಪತ್ರ ಬಂದ ದಿನ ಕೆಲಸ ನಿಲ್ಲಿಸಿ ಓದುತ್ತಿದ್ದಳು. ಬಾರದ ದಿನ ಕೆಲಸ ನಿಲ್ಲಿಸಿ ಬಾಗಿಲು ನೋಡುತ್ತಿದ್ದಳು. ಹೇಗೂ ನಿನ್ನಿಂದ ಕೆಲಸ ನಿಲ್ಲುತ್ತಿತ್ತು. ಕೊನೆಗೆ ಅವಳಿಗೆ ಹಾಸಿಗೆಯಿಂದ ಏಳಲು ಆಗುತ್ತಿಲ್ಲವೆಂದು ನಾನು ನಿನಗೆ ಬರೆದೆ. ನೀನು ಬಣ್ಣದ ಚಿತ್ರದ ಕಾರ್ಡು ಕಳಿಸಿದೆ. ‘ಬೇಗ ಹುಷಾರಾಗು, ಇಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಎರಡು ಕಣ್ಣು ಸಾಲದು’ ಎಂದು ಬರೆದಿದ್ದೆ. ಆಗ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಆ ಸೂರ್ಯನನ್ನು ನಾನೇ ಓದಿ ಹೇಳಿದೆ.

ಅದುಮಿ ಹಿಡಿದವನು ನಾನು. ಸರಿ. ನೀನು ಯಾವ ಬಂದರಿನಲ್ಲಿದ್ದೆ?

ಭಾವ


ಅಂಗಡಿಯಿಂದ,
ಜೂನ್ ೧೪

ನಾದಿನಿಗೆ,

ಉತ್ತರ ಬಂದಿಲ್ಲ. ಅಂಚೆಯವನನ್ನು ವಿಚಾರಿಸಿದೆ. ‘ನಿಮಗೆ ಬರೋದೇ ಒಬ್ಬರ ಪತ್ರ, ಅದೂ ಬೈಯೋಕೆ. ಬರದಿದ್ರೆ ಒಳ್ಳೇದೇ ಅಲ್ವಾ ಸಾರ್?’ ಅಂದ. ಬೈಗುಳವೆಂದು ಅವನಿಗೆ ಹೇಗೆ ತಿಳಿಯಿತೆಂದು ಆಶ್ಚರ್ಯಪಡುವಂತಿಲ್ಲ. ಲಕೋಟೆಯ ಮೇಲೆ ನೀನು ‘ಎಡಗೈ ತೋಳಿನ ತಜ್ಞರು’ ಎಂದು ವಿಳಾಸ ಬರೆದರೆ ಇಡೀ ಬೀದಿಗೆ ತಿಳಿಯುತ್ತದೆ.

ಹಡಗು ಮುಳುಗಿದೆಯೇ? ಮುಳುಗಿದ್ದರೆ ತಿಳಿಸು.

ಭಾವ


ಅಂಗಡಿಯಿಂದ,
ಜುಲೈ ೫

ನಾದಿನಿಗೆ,

ಮುಳುಗಿಲ್ಲ. ಹಡಗಿನ ಕಂಪನಿಗೆ ಫೋನ್ ಮಾಡಿದ್ದೆ. ‘ಲಾಂಡ್ರಿಯವರು ಚೆನ್ನಾಗಿದ್ದಾರೆ, ಏನಾದರೂ ಹೇಳಬೇಕಾ?’ ಎಂದು ಕೇಳಿದರು. ಏನೂ ಇಲ್ಲ ಎಂದೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇತ್ತು. ನನಗೂ ಒಂದು ಕಲ್ಲಿತ್ತು. ಅದರ ಹೆಸರು ಯಜಮಾನರು. ಅದನ್ನು ಅವಳು ಬಟ್ಟೆಯ ಮೇಲೆ ಇಡುತ್ತಿರಲಿಲ್ಲ. ಕಟಿಂಗ್ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಕೊಟ್ಟಿದ್ದಳು. ಮದುವೆಯಾದ ವರ್ಷ ಕೊಟ್ಟದ್ದು, ಇನ್ನೂ ಅಲ್ಲೇ ಇದೆ. ನಿನ್ನ ಕಣ್ಣಿಗೆ ಬೀಳಲಿಲ್ಲ, ಹಾಗಾಗಿ ಕದಿಯಲಿಲ್ಲ. ಅದನ್ನು ತೆಗೆದು ಬಟ್ಟೆಗೆ ಇಡೋಣವೆಂದರೆ ಮೇಜು ಅಲುಗುತ್ತದೆ. ಇಷ್ಟೇ ವಿಷಯ. ನಗುವುದಿದ್ದರೆ ನಕ್ಕುಬಿಡು, ಬರೆದು ತಿಳಿಸು.

ಮೇಜಿನ ಅಡಿಯಿಂದ,
ಭಾವ


ಹಡಗಿನ ಲಾಂಡ್ರಿಯಿಂದ,
ಜುಲೈ ೩೦

ಯಜಮಾನರಿಗೆ,

ಹಡಗು ತೇಲುತ್ತಿದೆ. ಆ ಕಾರ್ಡಿನ ವಿಷಯಕ್ಕೆ ಉತ್ತರ ಬರೆಯಲು ಕೂತೆ, ಬರೆದೆ, ಹರಿದೆ. ಇನ್ನು ಮುಂದೆ ಅದನ್ನು ಎತ್ತಬೇಡಿ. ಎತ್ತಿದರೆ ನಿಮ್ಮ ಅಂಗಡಿಗೆ ಬಂದು ಆ ಮೇಜಿನ ಇನ್ನುಳಿದ ಕಾಲುಗಳನ್ನೂ ಗಿಡ್ಡ ಮಾಡುತ್ತೇನೆ.

ಮೇಜಿನ ಕೆಳಗಿನ ಕಲ್ಲಿನ ಸಮಾಚಾರ ಓದಿ ನಕ್ಕೆ. ಅಕ್ಕ ಅಳತೆಯಲ್ಲಿ ಎಂದೂ ತಪ್ಪಿದವಳಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ಈಗ ನಿಮಗೆ ಖುಷಿಯಾಗುವ ಸುದ್ದಿ. ಹಡಗು ಮತ್ತೆ ಆ ಚಳಿ ಬಂದರಿಗೆ ಬಂತು. ಹೂವಿನ ಗೊಂಚಲು ಹಿಡಿದುಕೊಂಡು ಕ್ಯಾಂಟೀನಿಗೆ ಹೋದೆ. ಕಿಟಕಿಯಲ್ಲಿ ಕಲ್ಲಿಲ್ಲ. ಟೀ ಕೊಡುವವಳನ್ನು ಕೇಳಿದೆ.

‘ನಿಮ್ಮ ಅಕ್ಕನಾ? ಅವರು ಕೆಲಸಕ್ಕೆ ಹೋದ್ರು’ ಅಂದಳು.

‘ಏನು ಕೆಲಸ?’

‘ಎದುರುಗಡೆ ಪೇಪರ್ ಮಾರೋ ಅಜ್ಜ ಇದ್ದಾನಲ್ಲ, ಅವನ ಹತ್ರ. ಅವನ ಪೇಪರೆಲ್ಲ ಗಾಳಿಗೆ ಹಾರ್ತಿತ್ತು. ಇಲ್ಲಿ ಕಿಟಕೀಲಿ ಸುಮ್ನೆ ಕೂತಿದ್ರಲ್ಲ ಅಂತ ಕಳಿಸ್ದೆ.’

ಹೋಗಿ ನೋಡಿದರೆ, ಹೌದು. ಪತ್ರಿಕೆಗಳ ರಾಶಿಯ ಮೇಲೆ, ಯಾರದೋ ಮದುವೆ ಮುರಿದ ಸುದ್ದಿಯ ಮೇಲೆ, ಗಟ್ಟಿಯಾಗಿ ಕೂತಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

‘ಈ ಕಲ್ಲು ನನ್ನದು.’

‘ನಿಮ್ಮದಾದ್ರೆ ಇಲ್ಲಿಗೆ ಹೇಗೆ ಬಂತು?’

‘ನಾನೇ ಬಿಟ್ಟು ಹೋಗಿದ್ದೆ.’

‘ಹಾಗಾದ್ರೆ ಬಿಟ್ಟಿದ್ದೀರಿ. ಇನ್ನೇನು?’

‘ತಳದಲ್ಲಿ ಬರೆದಿದೆ, ತಿರುಗಿಸಿ ನೋಡಿ.’

‘ತಿರುಗಿಸೋಕಾಗಲ್ಲ. ಎತ್ತಿದ್ರೆ ಇವತ್ತಿನ ಸುದ್ದಿ ಎಲ್ಲ ಸಮುದ್ರಕ್ಕೆ ಹೋಗುತ್ತೆ.’

ನಾನು ಎತ್ತಿದೆ. ಇವತ್ತಿನ ಸುದ್ದಿಯೆಲ್ಲ ಸಮುದ್ರದ ಕಡೆಗೆ ಹೊರಟಿತು. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ನಿಮ್ಮ ತಾಯಿ, ದಕ್ಕೆಯ ಉದ್ದಕ್ಕೂ ಪತ್ರಿಕೆಗಳ ಹಿಂದೆ ಓಡಿದೆ. ಟೀ ಕೊಡುವವಳೂ ಓಡಿಬಂದಳು. ನಾವಿಬ್ಬರೂ ಹಿಡಿದು ತಂದದ್ದನ್ನು ಅಜ್ಜ ಬೈಯುತ್ತಾ ಜೋಡಿಸಿದ. ಕೊನೆಗೆ ಕಲ್ಲನ್ನು ಅದರ ಮೇಲೆ ಇಟ್ಟವಳು ನಾನೇ. ನಡುವೆ ಇಟ್ಟೆ. ‘ನಿಮಗೆ ಗೊತ್ತು ಎಲ್ಲಿ ಇಡ್ಬೇಕು ಅಂತ’ ಅಂದ ಅಜ್ಜ, ಸ್ವಲ್ಪ ಸಮಾಧಾನದಿಂದ.

ಸ್ಮಾರಕವೆಂದು ಇಟ್ಟದ್ದನ್ನು ಜನ ಹೀಗೆ ದುಡಿಸಿಕೊಳ್ಳುತ್ತಾರೆ. ಇಲ್ಲೂ ಅವಳಿಗೆ ರಜಾ ಇಲ್ಲ. ಇನ್ನು ನನ್ನ ಬಳಿ ಒಂದೇ ಕಲ್ಲು ಉಳಿದಿದೆ. ಬೂದು ಬಣ್ಣದ್ದು, ನಡುವೆ ಬಿಳಿ ಗೆರೆಯಿರುವುದು. ಅದನ್ನು ಯಾರೂ ಯಾವ ಕೆಲಸಕ್ಕೂ ಹಚ್ಚಲಾಗದ ಜಾಗ ನೋಡಿ ಇಡುತ್ತೇನೆ. ನಿಮಗೆ ಕೊಡುವುದಿಲ್ಲ.

ಓಡಿ ಓಡಿ ಮಂಡಿ ನೋಯಿಸಿಕೊಂಡ,
ನಾದಿನಿ


ಅಂಗಡಿಯಿಂದ,
ಆಗಸ್ಟ್ ೨೦

ನಾದಿನಿಗೆ,

ಆ ಅಜ್ಜನ ಪತ್ರಿಕೆ ಎಷ್ಟು ಅಗಲದ್ದು? ಮಡಿಸಿ ಇಡುತ್ತಾನೋ ಬಿಡಿಸಿಯೋ? ಮಡಿಸಿದ್ದಾದರೆ ಅತ್ತೆ ಒಬ್ಬಳೇ ಸಾಕು. ಬಿಡಿಸಿದ್ದಾದರೆ ನಾಲ್ಕು ಮೂಲೆಯೂ ಏಳುತ್ತವೆ, ಅವನಿಗೆ ಇನ್ನೊಂದು ಕಲ್ಲು ಬೇಕು. ಮಳೆ ಬಂದರೆ ಒಳಗೆ ತೆಗೆದಿಡುತ್ತಾನೋ ಇಲ್ಲವೋ? ಇವನ್ನೆಲ್ಲ ಕೇಳದೆ ಬಂದಿದ್ದೀಯ. ಹೂವು ತೆಗೆದುಕೊಂಡು ಹೋಗಲು ಮಾತ್ರ ಗೊತ್ತು.

ಅವಳಿಗೆ ರಜಾ ಇಲ್ಲ ಎಂದು ಗೋಳಾಡಬೇಡ. ಹಾಸಿಗೆ ಹಿಡಿದ ಮೇಲೂ ಅವಳು, ‘ಸುಮ್ನೆ ಮಲಗಿಸ್ಬೇಡಿ, ಏನಾದ್ರೂ ಕೈಗೆ ಕೊಡಿ’ ಅನ್ನುತ್ತಿದ್ದಳು. ಗುಂಡಿಗಳ ಡಬ್ಬಿ ಕೊಡುತ್ತಿದ್ದೆ. ಮುಟ್ಟಿ ನೋಡಿ ಬೇರೆ ಬೇರೆ ಮಾಡುತ್ತಿದ್ದಳು. ಮಧ್ಯಾಹ್ನ ಅವಳು ಮಲಗಿದಾಗ ನಾನು ಮತ್ತೆ ಬೆರೆಸಿ ಇಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಏಕೆ ಹೇಳುತ್ತಿದ್ದೇನೋ.

ಬಿಳಿ ಗೆರೆಯ ಕಲ್ಲು ಉಳಿದಿದೆ ಎಂದೆ. ಅದರ ಹೆಸರು ತಂಗಿ. ‘ಇಟ್ಟಲ್ಲಿ ಇರಲ್ಲ, ಇದನ್ನ ನಂಬ್ಕೊಂಡು ಕತ್ತರಿ ಹಾಕೋಕಾಗಲ್ಲ’ ಎಂದು ದಿನವೂ ಅದನ್ನು ಬೈಯುತ್ತಿದ್ದಳು. ಬೈದು, ಕೊರಳಿನ ತಿರುವಿಗೆ ಅದನ್ನೇ ಇಡುತ್ತಿದ್ದಳು. ಕೋಟಿನಲ್ಲಿ ಕೊರಳು ಬಹಳ ಕಷ್ಟದ ಜಾಗ. ಅಲ್ಲಿ ನೂಲಿನಷ್ಟು ಜರುಗಿದರೂ ಹಾಕಿಕೊಂಡವನು ಜೀವನವಿಡೀ ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದಂತೆ ನಡೆಯುತ್ತಾನೆ. ಬೇರೆ ಯಾವ ಕಲ್ಲೂ ಆ ತಿರುವಿಗೆ ಒಗ್ಗುವುದಿಲ್ಲ. ನಾನು ಡಬ್ಬಿ ಇಟ್ಟು ನೋಡಿದ್ದೇನೆ, ಬೀಗ ಇಟ್ಟು ನೋಡಿದ್ದೇನೆ, ಇಸ್ತ್ರಿಪೆಟ್ಟಿಗೆ ಇಟ್ಟು ಬಟ್ಟೆ ಸುಟ್ಟಿದ್ದೇನೆ.

ತಂಡದವರ ಕೋಟುಗಳು ಹೇಗೋ ಮುಗಿದವು. ಉಳಿದದ್ದು ಮೇಷ್ಟರದು. ಒಳ್ಳೆಯ ಬಟ್ಟೆ, ಎರಡನೆಯ ಸಲ ಕತ್ತರಿಸಲು ಮಿಗುವುದಿಲ್ಲ. ಈ ಕೋಟು ಕೆಟ್ಟರೆ ‘ಆಯಮ್ಮ ಹೋದ ಮೇಲೆ ಆ ಅಂಗಡಿ ಹೋಯ್ತು’ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಹೆಸರು ಹೋದರೆ ಹೋಗಲಿ, ಅದು ಮೇಜಿನ ಅಡಿಯಲ್ಲಿದೆ. ಬೋರ್ಡಿನ ಮೇಲಿರುವುದು ಅವಳ ಹೆಸರು.

ಕಳಿಸು ಎಂದು ಬೇಡುತ್ತಿಲ್ಲ. ಕಳಿಸದಿದ್ದರೆ ನಿನ್ನ ಮುಖ ನೋಡುವುದಿಲ್ಲ. ಈಗಲೂ ನೋಡುತ್ತಿಲ್ಲ, ಅದು ಬೇರೆ ವಿಷಯ.

ಭಾವ


ಹಡಗಿನ ಲಾಂಡ್ರಿಯಿಂದ,
ಸೆಪ್ಟೆಂಬರ್ ೯

ಭಾವನವರಿಗೆ,

ಗುಂಡಿ ಬೆರೆಸಿಡುತ್ತಿದ್ದ ವಿಷಯವನ್ನು ನನಗೆ ಬರೆಯಬಾರದಿತ್ತು. ಆ ದಿನ ನಾನು ಇಸ್ತ್ರಿ ಮಾಡಿದ ಅಂಗಿಗಳನ್ನು ಎಲ್ಲ ಪ್ರಯಾಣಿಕರೂ ವಾಪಸು ಕಳಿಸಿದರು.

ನಿಮ್ಮ ಪತ್ರ ತಲುಪುವ ಮೊದಲೇ ಬಿಳಿ ಗೆರೆಯದಕ್ಕೆ ಜಾಗ ಹುಡುಕಿದ್ದೆ. ಸಮುದ್ರದೊಳಕ್ಕೆ ಚಾಚಿಕೊಂಡ ಕಲ್ಲಿನ ಗೋಡೆ, ಅದರ ತುತ್ತತುದಿ. ಅಂಗಡಿಯಿಲ್ಲ, ಮನೆಯಿಲ್ಲ, ಪತ್ರಿಕೆಯಿಲ್ಲ. ಎರಡೂ ಕಡೆ ನೀರು. ಎಷ್ಟು ಚೆನ್ನಾಗಿತ್ತೆಂದರೆ ಅಲ್ಲಿ ಕಲ್ಲಿಟ್ಟು ಕೈಮುಗಿಯೋಣ ಅನ್ನಿಸುತ್ತಿತ್ತು. ಇಟ್ಟೆ. ನಿಂತೆ. ಕಡಲಹಕ್ಕಿಯೊಂದು ಬಂದು ಅದರ ಮೇಲೆ ಕೂತು, ಸುತ್ತ ನೋಡಿ, ಹಕ್ಕಿಗಳು ಮಾಡುವುದನ್ನು ಮಾಡಿ ಹಾರಿಹೋಯಿತು. ಎತ್ತಿಕೊಂಡು ಬಂದು ತೊಳೆದೆ. ಆಮೇಲೆ ನಿಮ್ಮ ಪತ್ರ ಬಂತು, ಅದು ನಾನೇ ಎಂದು ತಿಳಿಯಿತು. ಆ ಹಕ್ಕಿಗೆ ಮೊದಲೇ ತಿಳಿದಿತ್ತೋ ಏನೋ.

ಒಂದು ವಾರ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಹಡಗು ವಾಲಿದಾಗಲೆಲ್ಲ ಉರುಳಿ ನೆಲಕ್ಕೆ ಬೀಳುತ್ತದೆ, ಮೇಲಿನ ಮಂಚದವಳು ಎದ್ದು ಬೈಯುತ್ತಾಳೆ. ಇಟ್ಟಲ್ಲಿ ಇರುವುದಿಲ್ಲ ನಿಜ. ತಳದಲ್ಲಿ ‘ಅಕ್ಕ’ ಎಂದು ಬರೆಯಲು ಶಾಯಿ ತೆಗೆದೆ, ಕೈ ಬರಲಿಲ್ಲ. ಏನೂ ಬರೆಯದೆ, ನಿಮ್ಮ ಕಾಲುಚೀಲದೊಳಗೇ ಹಾಕಿ ಕಳಿಸುತ್ತಿದ್ದೇನೆ.

ನಿಮಗಾಗಿ ಕಳಿಸುತ್ತಿಲ್ಲ, ಆ ಭ್ರಮೆ ಬೇಡ. ಅವಳ ಬೋರ್ಡಿನ ಕೆಳಗಿನಿಂದ ಕೊರಳು ಕೆಟ್ಟ ಕೋಟು ಹೊರಗೆ ಹೋಗಬಾರದು, ಅಷ್ಟಕ್ಕೆ. ಫ್ಯಾನ್ ಆರಿಸಿ. ಕಾಗದ ಮಗುಚಿ. ಮಗುಚಿದ ಮೇಲೆ ಇನ್ನೊಮ್ಮೆ ನೋಡಿ.

ಇದರೊಂದಿಗೆ ನನ್ನ ಕೈಯಲ್ಲಿ ಅವಳ ವಸ್ತು ಯಾವುದೂ ಉಳಿಯಲಿಲ್ಲ, ನಿಮಗೆ ನನ್ನಿಂದ ಬರಬೇಕಾದದ್ದು ಯಾವುದೂ ಇಲ್ಲ. ಇನ್ನು ಮುಂದೆ ನಾವಿಬ್ಬರೂ ಬರೆದುಕೊಳ್ಳುವ ಅಗತ್ಯವಿಲ್ಲ. ನಿಮಗೂ ನೆಮ್ಮದಿ, ಅಂಚೆಯವನಿಗೂ.

ನಮಸ್ಕಾರ,
ನಾದಿನಿ


ಅಂಗಡಿಯಿಂದ,
ಅಕ್ಟೋಬರ್ ೧

ನಾದಿನಿಗೆ,

ಪಾರ್ಸಲ್ ಬಂತು. ಕಲ್ಲು ಸುರಕ್ಷಿತವಾಗಿದೆ, ಸ್ವಲ್ಪ ಸಮುದ್ರದ ವಾಸನೆ ಹಿಡಿದಿದೆ. ಫ್ಯಾನ್ ಆರಿಸಿದೆ. ಕೊರಳಿನ ತಿರುವಿಗೆ ಇಟ್ಟೆ. ಜರುಗಿತು. ಬೈದೆ. ಮತ್ತೆ ಇಟ್ಟೆ. ಇವತ್ತು ಬೆಳಿಗ್ಗೆ ಅವಳ ದೊಡ್ಡ ಕತ್ತರಿಯಿಂದ, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ ಕೊರಳು ಕತ್ತರಿಸಿ ಮುಗಿಸಿದೆ. ಮಧ್ಯಾಹ್ನ ಮೇಷ್ಟರು ಬಂದು ಕಚ್ಚಾ ಹೊಲಿಗೆಯಲ್ಲೇ ಹಾಕಿ ನೋಡಿದರು. ಎರಡೂ ಕೈ ಎತ್ತಿ, ಇಲ್ಲದ ಬ್ಯಾಂಡಿಗೆ ತಾಳ ಹಾಕಿದರು. ಕೊರಳಿಗೆ ಬೆರಳು ತೂರಿಸಿ ಸುತ್ತ ತಿರುಗಿಸಿದರು. ಒಳಗಿನ ಕೋಣೆಯ ಕಡೆ ನೋಡಿ, ‘ಇದನ್ನ ಯಾರು ಕತ್ತರಿಸಿದ್ದು?’ ಎಂದು ಕೇಳಿದರು. ನಾನು ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನು ಗುಡಿಸಿದೆ. 

ಇನ್ನು ನಿನ್ನ ಪತ್ರದ ಕೊನೆಯ ಮಾತು. ಬರೆದುಕೊಳ್ಳುವ ಅಗತ್ಯವಿಲ್ಲ ಎಂದು ನೀನೊಬ್ಬಳೇ ತೀರ್ಮಾನಿಸಿದ್ದೀಯ. ತೀರ್ಮಾನಿಸಲು ನೀನು ಯಾರು? ಹಿರಿಯ ನಾನಿದ್ದೇನೆ. ಅಲ್ಲದೆ ಇವತ್ತು ಬಹಳ ಗಂಭೀರವಾದ ವಿಷಯವೊಂದು ನನ್ನ ಗಮನಕ್ಕೆ ಬಂದಿದೆ. ಅಂಗಡಿ ಮುಚ್ಚುವ ಹೊತ್ತಿಗೆ ನೋಡುತ್ತೇನೆ, ಅವಳ ದೊಡ್ಡ ಕತ್ತರಿ ಇಲ್ಲ. ಫೆಬ್ರವರಿಯಲ್ಲಿ ಬಂದಾಗಲೇ ನೀನು ಅದನ್ನು ಕದ್ದೊಯ್ದಿದ್ದೀಯ. ಇದರಲ್ಲಿ ನನಗೆ ಸಂಶಯವಿಲ್ಲ. ಹಾಗಾದರೆ ಇವತ್ತು ಬೆಳಿಗ್ಗೆ ಕತ್ತರಿಸಿದ್ದು ಯಾವುದರಿಂದ ಎಂದು ನೀನು ಕೇಳುತ್ತೀಯ. ಕೇಳು. ಬರೆದು ಕೇಳು. ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ಗೊತ್ತಿದ್ದರೂ ಒಂದೇ ಪತ್ರದಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಯಾವ ಬಂದರಿನಲ್ಲಿ ಇಟ್ಟೆ, ಯಾರು ನೋಡಿದರು, ಏನಂದರು, ನೀನು ಏನಂದೆ, ಎಲ್ಲವನ್ನೂ ವಿವರವಾಗಿ ತಿಳಿಸು. ಹಾಳೆಯ ಎರಡೂ ಬದಿ ಬರೆದರೂ ನನ್ನ ಅಡ್ಡಿಯಿಲ್ಲ. ತಪ್ಪಿಸಿಕೊಳ್ಳಲು ನೋಡಬೇಡ.

ತಕ್ಷಣದ ಉತ್ತರವನ್ನು ಎದುರು ನೋಡುತ್ತಾ, ಸಿಟ್ಟಿನಿಂದಲೇ,
ನಿನ್ನ ಭಾವ